ನಮ್ಮೊಳಗಿನ ಕಾವಲುಗಾರರು: ಟಿ-ಕೋಶಗಳು ಗುರುತು ಹಿಡಿಯುವ ಬಗೆ

ಮನೆಯಲ್ಲಿ ಒಬ್ಬರಿಗೆ ದೊಡ್ಡ ಕಾಯಿಲೆ ಎಂದು ವೈದ್ಯರು ಹೇಳಿದ ದಿನದಿಂದ ಆ ಮನೆಯ ಮಾತುಕತೆಯಲ್ಲಿ ಹೊಸ ಹೊಸ ಶಬ್ದಗಳು ಬಂದು ಸೇರುತ್ತವೆ. ಅದುವರೆಗೆ ಕಿವಿಗೆ ಬೀಳದಿದ್ದ ಪರೀಕ್ಷೆಗಳ ಹೆಸರು, ಔಷಧಿಗಳ ಹೆಸರು, ದೇಹದೊಳಗಿನ ಕಣಗಳ ಹೆಸರು ನಿತ್ಯದ ಮಾತಾಗಿಬಿಡುತ್ತವೆ. ಆದರೆ ಅವುಗಳ ಅರ್ಥವನ್ನು ಬಿಡಿಸಿ ಹೇಳುವಷ್ಟು ವ್ಯವಧಾನ ಆಸ್ಪತ್ರೆಯ ಗದ್ದಲದಲ್ಲಿ ಯಾರಿಗೂ ಇರುವುದಿಲ್ಲ. ಇಂತಹ ಸ್ಥಿತಿಯಲ್ಲಿರುವ ಓದುಗರೊಬ್ಬರು ಪೀಣ್ಯದಿಂದ ನಮಗೆ ಪತ್ರ ಬರೆದಿದ್ದಾರೆ. ಅವರ ಅಣ್ಣನವರು ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೇಥ್ ಯಂತ್ರದ ಮೇಲೆ ದುಡಿಯುವವರು. ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾ ರೋಗಕ್ಕೆ ಎರಡು ಬಾರಿ ಔಷಧೋಪಚಾರ ಪಡೆದರೂ ರೋಗ ಮರುಕಳಿಸಿದೆ. ಈಗ ವೈದ್ಯರು ಎರಡು ದಾರಿಗಳನ್ನು ತೋರಿಸಿದ್ದಾರೆ: ಒಂದು, ಹೊಂದಾಣಿಕೆಯಾಗುವ ದಾನಿಯಿಂದ ಆಕರ ಕೋಶಗಳ ಕಸಿ, ಮತ್ತೊಂದು, ಅಣ್ಣನವರದೇ ರಕ್ತದ ಟಿ-ಕೋಶಗಳನ್ನು ಹೊರತೆಗೆದು, ತಿದ್ದಿ, ಮತ್ತೆ ಅವರ ದೇಹಕ್ಕೆ ಸೇರಿಸುವುದು.

"ದೇಹದಲ್ಲಿ ರೋಗನಿರೋಧಕ ಶಕ್ತಿ ಎಂಬುದು ಇದ್ದೇ ಇರುತ್ತದಲ್ಲವೇ? ಹಾಗಿದ್ದರೆ ಅದು ಈ ಶತ್ರುವನ್ನು ಏಕೆ ಗುರುತಿಸಲಿಲ್ಲ? ಒಮ್ಮೆ ಗುರುತಿಸಲಾರದೆ ಹೋದ ಕಣವನ್ನೇ ಮತ್ತೆ ದೇಹದೊಳಕ್ಕೆ ಬಿಟ್ಟರೆ ಅದು ಗುರುತಿಸೀತೇ?" ಎಂಬುದು ಅವರ ಪ್ರಶ್ನೆ.

ಯಾವ ಚಿಕಿತ್ಸೆ ಯಾರಿಗೆ ತಕ್ಕುದು ಎಂಬ ನಿರ್ಣಯ ರೋಗಿಯನ್ನು ಕಂಡ ವೈದ್ಯರದು. ಅದರಲ್ಲಿ ನಾವು ಬಾಯಿ ಹಾಕುವಂತಿಲ್ಲ. ಆದರೆ ಕೇಳಿರುವ ಪ್ರಶ್ನೆ ಮಾತ್ರ ಅತ್ಯಂತ ಮೂಲಭೂತವಾದುದು. ಕಳೆದ ಅರವತ್ತು ವರ್ಷಗಳಿಂದ ಜಗತ್ತಿನ ಶ್ರೇಷ್ಠ ವಿಜ್ಞಾನಿಗಳು ಇದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಆದುದರಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಡುತ್ತಿದ್ದೇವೆ.

ತೋಳಿನ ಮೇಲಿನ ಗುಳ್ಳೆ

ಟಿ-ಕೋಶ ಗುರುತು ಹಿಡಿಯುವುದನ್ನು ಕಣ್ಣಾರೆ ಕಾಣಬೇಕೆಂದರೆ ಸೂಕ್ಷ್ಮದರ್ಶಕವೇ ಬೇಕೆಂದಿಲ್ಲ. ಕ್ಷಯರೋಗದ ಶಂಕೆ ಬಂದಾಗ ಮುಂದೋಳಿನ ಚರ್ಮದೊಳಕ್ಕೆ ಒಂದು ಹನಿ ಟ್ಯೂಬರ್ಕುಲಿನ್ ದ್ರವವನ್ನು ಚುಚ್ಚುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಇದಕ್ಕೆ ಮಾಂಟೂ ಪರೀಕ್ಷೆ ಎಂದು ಹೆಸರು. ಆ ಹನಿಯಲ್ಲಿ ಜೀವಂತ ಕ್ರಿಮಿ ಇರುವುದಿಲ್ಲ. ಕ್ಷಯದ ಕ್ರಿಮಿಯಿಂದ ತೆಗೆದ ಪ್ರೋಟೀನು ಮಾತ್ರ ಇರುತ್ತದೆ. ವೈದ್ಯರು ಅಂದೇ ಫಲಿತಾಂಶ ನೋಡುವುದಿಲ್ಲ. ಎರಡು ಮೂರು ದಿನ ಬಿಟ್ಟು ಬರಹೇಳುತ್ತಾರೆ. ಸೊಳ್ಳೆ ಕಚ್ಚಿದರೆ ಕೆಲವೇ ನಿಮಿಷಗಳಲ್ಲಿ ದದ್ದು ಏಳುತ್ತದೆ. ಇಲ್ಲಿ ಗಟ್ಟಿಯಾದ ಊತ ಕಾಣಿಸಿಕೊಳ್ಳಲು 48ರಿಂದ 72 ಗಂಟೆಗಳು ಬೇಕು. ಈ ವಿಳಂಬದಲ್ಲಿಯೇ ವಿಷಯದ ಮರ್ಮ ಅಡಗಿದೆ. ಹಿಂದೊಮ್ಮೆ ಕ್ಷಯದ ಕ್ರಿಮಿಯನ್ನು ಕಂಡು ನೆನಪಿಟ್ಟುಕೊಂಡಿರುವ ಟಿ-ಕೋಶಗಳು ರಕ್ತದಲ್ಲಿ ಸಂಚರಿಸುತ್ತಾ ಅಲ್ಲಿಗೆ ಬರಬೇಕು, ಹಳೆಯ ಪರಿಚಯವನ್ನು ಗುರುತಿಸಬೇಕು, ಉಳಿದ ಕೋಶಗಳನ್ನು ಕೂಗಿ ಕರೆಯಬೇಕು. ಆಗಲೇ ಚರ್ಮ ಗಟ್ಟಿಯಾಗಿ ಉಬ್ಬುವುದು. ಗುಳ್ಳೆ ಎದ್ದರೆ ರೋಗವಿದೆ ಎಂದೇ ಅರ್ಥವಲ್ಲ. ಕಾವಲುಗಾರನಿಗೆ ಆ ಮುಖದ ಪರಿಚಯವಿದೆ ಎಂದರ್ಥ.

ಈ ಪರೀಕ್ಷೆಗೂ ಬೆಂಗಳೂರಿನ ಆಸುಪಾಸಿನ ನೆಲಕ್ಕೂ ಹಳೆಯ ನಂಟು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. 1960ರ ದಶಕದಲ್ಲಿ ಆ ಸಂಸ್ಥೆಯ ಕಾರ್ಯಕರ್ತರು ನೆಲಮಂಗಲ, ದೇವನಹಳ್ಳಿ, ಚನ್ನಪಟ್ಟಣ ತಾಲ್ಲೂಕುಗಳ 119 ಹಳ್ಳಿಗಳಲ್ಲಿ ಮನೆಮನೆಗೆ ತೆರಳಿ, ವರ್ಷಗಟ್ಟಲೆ ಮತ್ತೆ ಮತ್ತೆ ಅದೇ ಜನರನ್ನು ಪರೀಕ್ಷಿಸಿದರು. ತೋಳುಗಳ ಮೇಲಿನ ಊತವನ್ನು ಮಿಲಿಮೀಟರಿನಲ್ಲಿ ಅಳೆದು ಬರೆದುಕೊಂಡರು. ಅಂದು ನಮ್ಮ ಹಿರಿಯರ ತೋಳುಗಳ ಮೇಲೆ ಅವರು ಓದಿದ್ದು ಟಿ-ಕೋಶಗಳ ನೆನಪನ್ನೇ.

ಎದೆಗೂಡಿನೊಳಗಿನ ಶಾಲೆ

ಈ ಕಾವಲುಗಾರರು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ತರಬೇತಿ ಪಡೆಯುವುದು ಎದೆಮೂಳೆಯ ಹಿಂದೆ, ಹೃದಯಕ್ಕಿಂತ ತುಸು ಮೇಲೆ ಇರುವ ಥೈಮಸ್ ಎಂಬ ಗ್ರಂಥಿಯಲ್ಲಿ. ಥೈಮಸ್ ಎಂಬುದರ ಮೊದಲಕ್ಷರವೇ 'ಟಿ'. ಬಹುಕಾಲ ಈ ಗ್ರಂಥಿಯನ್ನು ನಿರುಪಯುಕ್ತ ಅವಯವವೆಂದೇ ಭಾವಿಸಲಾಗಿತ್ತು. 1961ರಲ್ಲಿ ಲಂಡನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ, ಆಗತಾನೇ ಹುಟ್ಟಿದ ಇಲಿಮರಿಗಳಿಂದ ಇದನ್ನು ತೆಗೆದುಹಾಕಿದರೆ ಅವು ಸೋಂಕಿಗೆ ಸುಲಭವಾಗಿ ತುತ್ತಾಗುತ್ತವೆ, ಬೇರೆ ಇಲಿಯ ಚರ್ಮವನ್ನು ಕಸಿ ಮಾಡಿದರೂ ತಿರಸ್ಕರಿಸಲಾರವು ಎಂಬುದನ್ನು ತೋರಿಸಿಕೊಟ್ಟರು. ನಿರುಪಯುಕ್ತವೆನಿಸಿದ್ದ ಗ್ರಂಥಿ ಇಡೀ ದೇಹದ ಕಾವಲುಗಾರರ ಪಾಠಶಾಲೆಯಾಗಿತ್ತು.

ಇಲ್ಲಿನ ಪರೀಕ್ಷೆಯ ಕಠೋರತೆ ಸೋಜಿಗ ಹುಟ್ಟಿಸುವಂತಹುದು. ಪ್ರತಿಯೊಂದು ಟಿ-ಕೋಶದ ಮೈಮೇಲೆ ಒಂದು ಬಗೆಯ ಗ್ರಾಹಿ ಇರುತ್ತದೆ. ಕೋಶ ತನ್ನ ಸುತ್ತಲಿನದನ್ನು ಮುಟ್ಟಿ ನೋಡುವ ಕೈ ಇದು. ಜೀನುಗಳ ತುಂಡುಗಳನ್ನು ಪ್ರತಿ ಕೋಶವೂ ತನಗೆ ತೋಚಿದಂತೆ ಜೋಡಿಸಿಕೊಂಡು ಈ ಗ್ರಾಹಿಯನ್ನು ತಯಾರಿಸುತ್ತದೆ. ಆದುದರಿಂದ ಒಂದರಂತೆ ಮತ್ತೊಂದು ಇರುವುದು ಅಪರೂಪ. ಇನ್ನೂ ಹುಟ್ಟದ ರೋಗಕ್ಕೂ ಹೊಂದಬಲ್ಲ ಗ್ರಾಹಿ ನಮ್ಮಲ್ಲಿ ಮೊದಲೇ ಸಿದ್ಧವಾಗಿರುವುದು ಈ ಕಾರಣದಿಂದಲೇ. ಆದರೆ ಹೀಗೆ ಗೊತ್ತುಗುರಿಯಿಲ್ಲದೆ ತಯಾರಾದ ಕೈಗಳಲ್ಲಿ ಕೆಲವು ಏನನ್ನೂ ಹಿಡಿಯಲಾರವು. ಕೆಲವು ನಮ್ಮದೇ ದೇಹವನ್ನು ಹಿಡಿದು ನಾಶಮಾಡುವಂತಹವು. ಥೈಮಸ್ ಈ ಎರಡು ಬಗೆಯವನ್ನೂ ಹೊರಕ್ಕೆ ಬಿಡುವುದಿಲ್ಲ. ಅಲ್ಲಿಗೆ ಸೇರಿದ ನೂರು ಕೋಶಗಳಲ್ಲಿ ತೊಂಬತ್ತೈದಕ್ಕೂ ಹೆಚ್ಚು ಅಲ್ಲೇ ಸಾಯುತ್ತವೆ. ಉಳಿದ ಕೆಲವೇ ಕೋಶಗಳು ರಕ್ತಕ್ಕೆ ಇಳಿಯುತ್ತವೆ. ಪೀಣ್ಯದ ಯಂತ್ರಾಗಾರಗಳಲ್ಲಿ ಗೇಜ್ ಇಟ್ಟು ತಪಾಸಣೆ ಮಾಡಿ, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಿಡಿಭಾಗವನ್ನು ಬದಿಗೆ ಎಸೆಯುವುದನ್ನು ಕಂಡವರಿಗೆ ಇದು ಅರ್ಥವಾಗದ ಸಂಗತಿಯಲ್ಲ.

ಈ ಶಾಲೆಗೂ ಕಷ್ಟಕಾಲ ಬರುತ್ತದೆ. ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ದೀಪಂಕರ್ ನಂದಿ ಮತ್ತು ಅವರ ವಿದ್ಯಾರ್ಥಿಗಳು ಇಲಿಗಳಿಗೆ ಸಾಲ್ಮೊನೆಲ್ಲಾ ಕ್ರಿಮಿಯ ಸೋಂಕು ತಗುಲಿಸಿ ಥೈಮಸ್ಸನ್ನು ಪರಿಶೀಲಿಸಿದರು. ಸೋಂಕು ಏರಿದಂತೆ ಗ್ರಂಥಿ ಕುಗ್ಗಿತು. ತರಬೇತಿಯಲ್ಲಿದ್ದ ಎಳೆಯ ಟಿ-ಕೋಶಗಳು ಅಪಾರ ಸಂಖ್ಯೆಯಲ್ಲಿ ಸತ್ತವು. ದೇಹ ಒತ್ತಡದಲ್ಲಿದ್ದಾಗ ಸ್ರವಿಸುವ ಹಾರ್ಮೋನುಗಳೂ, ಸೋಂಕಿನೊಡನೆ ಹೋರಾಡಲು ದೇಹವೇ ತಯಾರಿಸುವ ಇಂಟರ್‌ಫೆರಾನ್ ಎಂಬ ವಸ್ತುವೂ ಕೂಡಿ ಈ ಸಾವಿಗೆ ಕಾರಣವಾಗುತ್ತವೆ ಎಂದು 2013ರಲ್ಲಿ ಪ್ರಕಟವಾದ ಅವರ ಪ್ರಬಂಧ ತಿಳಿಸಿತು.

ಚಿತ್ರವೂ ಬೇಕು, ಮುದ್ರೆಯೂ ಬೇಕು

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ತರಬೇತಿ ಪಡೆದ ಟಿ-ಕೋಶ ಶತ್ರುವನ್ನು ಹೇಗೆ ಕಾಣುತ್ತದೆ? ಗುರುತಿಸಬೇಕಾದ ಅನ್ಯ ವಸ್ತುವಿಗೆ ವಿಜ್ಞಾನಿಗಳು ಪ್ರತಿಜನಕ ಎನ್ನುತ್ತಾರೆ. ರಕ್ತದಲ್ಲಿರುವ ಪ್ರತಿಕಾಯಗಳು ತೇಲಾಡುವ ಪ್ರತಿಜನಕವನ್ನು ನೇರವಾಗಿ ಹೋಗಿ ಹಿಡಿಯಬಲ್ಲವು. ಟಿ-ಕೋಶದ ರೀತಿ ಬೇರೆ. ವೈರಸ್ಸು ಜೀವಕೋಶದ ಒಳಗೆ ಅಡಗಿಕೊಂಡಿರುತ್ತದೆ. ಬಾಗಿಲು ಮುಚ್ಚಿದ ಕಾರ್ಖಾನೆಯೊಳಗೆ ಏನು ತಯಾರಾಗುತ್ತಿದೆ ಎಂದು ಹೊರಗಿನ ಕಾವಲುಗಾರನಿಗೆ ತಿಳಿಯುವುದೆಂತು?

ಇದಕ್ಕೆ ಉತ್ತರದ ಸುಳಿವು ದೊರೆತದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದಲ್ಲಿ. ಪಶುವೈದ್ಯ ಶಿಕ್ಷಣ ಪಡೆದಿದ್ದ ಪೀಟರ್ ಡೊಹರ್ಟಿ ಹಾಗೂ ಸ್ವಿಟ್ಜರ್ಲೆಂಡಿನಿಂದ ಬಂದ ವೈದ್ಯ ರೋಲ್ಫ್ ಜಿಂಕರ್‌ನಾಗೆಲ್ ಅಲ್ಲಿ ಒಂದೇ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದರು. ವೈರಸ್ ತಗುಲಿದ ಇಲಿಯ ಟಿ-ಕೋಶಗಳು ಅದೇ ವೈರಸ್ ತಗುಲಿದ ಕೋಶಗಳನ್ನು ಕೊಲ್ಲುವುದನ್ನು ಅವರು ಕಂಡರು. ಆದರೆ ಬೇರೆ ತಳಿಯ ಇಲಿಯ ಕೋಶಗಳಿಗೆ ಅದೇ ವೈರಸ್ ತಗುಲಿಸಿ ಎದುರಿಗಿಟ್ಟಾಗ ಆ ಟಿ-ಕೋಶಗಳು ಅವನ್ನು ಮುಟ್ಟಲಿಲ್ಲ! ಶತ್ರು ಅದೇ, ಕಾವಲುಗಾರ ಅದೇ. ಆದರೂ ಗುರುತು ಹತ್ತಲಿಲ್ಲ. ಅಂದರೆ ಟಿ-ಕೋಶ ನೋಡುವುದು ಶತ್ರುವನ್ನು ಮಾತ್ರವಲ್ಲ. ಶತ್ರುವಿನ ಗುರುತನ್ನೂ ತನ್ನ ದೇಹದ ಗುರುತನ್ನೂ ಒಟ್ಟಿಗೇ ನೋಡುತ್ತದೆ. 1974ರಲ್ಲಿ ಪ್ರಕಟವಾದ ಈ ಸಂಶೋಧನೆಗೆ 1996ರಲ್ಲಿ ನೊಬೆಲ್ ಪುರಸ್ಕಾರ ಸಂದಿತು.

ಎಲೆಕ್ಟ್ರಾನಿಕ್ ಸಿಟಿಯ ಯಾವುದೇ ಕಂಪನಿಯ ದ್ವಾರದಲ್ಲಿ ನಿಂತು ನೋಡಿದರೆ ಇದು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಒಳಹೋಗುವ ಪ್ರತಿಯೊಬ್ಬರ ಕೊರಳಲ್ಲಿಯೂ ಗುರುತಿನ ಚೀಟಿ ತೂಗಾಡುತ್ತಿರುತ್ತದೆ. ಅದರಲ್ಲಿ ಕಂಪನಿಯ ಮುದ್ರೆಯೂ ಇರಬೇಕು, ವ್ಯಕ್ತಿಯ ಭಾವಚಿತ್ರವೂ ಇರಬೇಕು. ನಮ್ಮ ದೇಹದ ಜೀವಕೋಶಗಳೂ ಇಂತಹ ಚೀಟಿಯನ್ನು ಹೊತ್ತಿವೆ. ಮುದ್ರೆಯ ಸ್ಥಾನದಲ್ಲಿರುವುದು ಎಚ್.ಎಲ್.ಎ. ಎಂಬ ಅಣು. ಚಿತ್ರದ ಸ್ಥಾನದಲ್ಲಿರುವುದು ಕೋಶದೊಳಗೆ ತಯಾರಾಗುತ್ತಿರುವ ಪ್ರೋಟೀನಿನ ಚಿಕ್ಕದೊಂದು ತುಣುಕು. ಮುದ್ರೆ ನಮ್ಮದು, ಚಿತ್ರವೂ ನಮ್ಮದೇ ಆಗಿದ್ದರೆ ಟಿ-ಕೋಶ ಸುಮ್ಮನೆ ಮುಂದೆ ಸಾಗುತ್ತದೆ. ಮುದ್ರೆ ನಮ್ಮದಿದ್ದು ಚಿತ್ರ ಅನ್ಯರದಾಗಿದ್ದರೆ ಒಳಗೆ ಕಳ್ಳ ಹೊಕ್ಕಿದ್ದಾನೆಂದು ತಿಳಿದು ಆ ಕೋಶವನ್ನೇ ಕೊಲ್ಲುತ್ತದೆ. ಮುದ್ರೆಯೇ ಬೇರೆಯವರದಾಗಿದ್ದರೆ? ಮೂತ್ರಪಿಂಡದ ಕಸಿಯಲ್ಲಿ ಆಗುವುದು ಅದೇ. ಬೇರೆಯವರ ಮುದ್ರೆ ಹೊತ್ತ ಕೋಟ್ಯಂತರ ಕೋಶಗಳು ಒಮ್ಮೆಲೇ ಒಳಬಂದಾಗ ನಮ್ಮ ಟಿ-ಕೋಶಗಳಲ್ಲಿ ಬಹಳಷ್ಟು ಕೆರಳಿ ನಿಲ್ಲುತ್ತವೆ. ಕಸಿ ಮಾಡಿಸಿಕೊಂಡವರು ಬದುಕಿರುವವರೆಗೂ ಮಾತ್ರೆ ನುಂಗಬೇಕಾಗುವುದು ಈ ಕೆರಳಿಕೆಯನ್ನು ತಣಿಸುವುದಕ್ಕಾಗಿ. ಆರೋಗ್ಯ ಚೆನ್ನಾಗಿದೆಯೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸುವವರು ಈ ಮಾತನ್ನು ಚೆನ್ನಾಗಿ ಮನನ ಮಾಡಿಕೊಳ್ಳಬೇಕು.

ತಟ್ಟೆಯ ಮೇಲಿನ ತುಣುಕು

ಈ ಎಚ್.ಎಲ್.ಎ. ಅಣುವನ್ನು ಮೊದಲು ಗುರುತಿಸಿದವರು ಪ್ಯಾರಿಸ್ಸಿನ ಜಾನ್ ದೋಸೆ, ವರ್ಷ 1958. ಟಿ-ಕೋಶದ ಗ್ರಾಹಿಯ ಜೀನುಗಳನ್ನು 1984ರಲ್ಲಿ ಟಾಕ್ ಮಾಕ್ ಮತ್ತು ಮಾರ್ಕ್ ಡೇವಿಸ್ ಎಂಬವರ ತಂಡಗಳು ಬೇರೆಬೇರೆಯಾಗಿ ಪತ್ತೆ ಹಚ್ಚಿದವು. ಆದರೆ ಮುದ್ರೆ ಮತ್ತು ಚಿತ್ರ ಒಂದೇ ಚೀಟಿಯಲ್ಲಿ ಹೇಗೆ ಕೂಡಿವೆ ಎಂಬುದು ಕಣ್ಣಿಗೆ ಕಂಡದ್ದು 1987ರಲ್ಲಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಮೇಲಾ ಬ್ಯೋರ್ಕ್‌ಮನ್ ಎಂಬ ಯುವ ಸಂಶೋಧಕಿ, ಡಾನ್ ವೈಲಿ ಮತ್ತು ಜ್ಯಾಕ್ ಸ್ಟ್ರಾಮಿಂಜರ್ ಅವರೊಡನೆ ಸೇರಿ ಈ ಅಣುವಿನ ಹರಳು ತಯಾರಿಸಿ, ಎಕ್ಸ್-ಕಿರಣ ಹಾಯಿಸಿ ಅದರ ಆಕಾರವನ್ನು ಬಿಡಿಸಿದರು. ಅಣುವಿನ ನೆತ್ತಿಯ ಮೇಲೆ ಒಂದು ತೋಡು. ತೋಡಿನಲ್ಲಿ ಯಾವುದೋ ತುಣುಕೊಂದು ಕುಳಿತಿರುವುದು ಸ್ಪಷ್ಟವಾಗಿ ಕಾಣಿಸಿತು. ಆ ತುಣುಕೇ ಚಿತ್ರ.

ಅದು ಎಷ್ಟು ಚಿಕ್ಕದೆಂದರೆ ಸಾಮಾನ್ಯವಾಗಿ ಎಂಟರಿಂದ ಹತ್ತು ಅಮೈನೋ ಆಮ್ಲಗಳ ಸರಪಳಿ. ಪ್ರತಿಯೊಂದು ಜೀವಕೋಶವೂ ತಾನು ತಯಾರಿಸಿದ ಪ್ರೋಟೀನುಗಳಲ್ಲಿ ಕೆಲವನ್ನು ಕತ್ತರಿಸಿ, ಇಂತಹ ತುಣುಕುಗಳನ್ನು ಎಚ್.ಎಲ್.ಎ. ತಟ್ಟೆಯಲ್ಲಿಟ್ಟು ಹೊರಮೈಗೆ ತಂದು ಪ್ರದರ್ಶಿಸುತ್ತಲೇ ಇರುತ್ತದೆ. ಒಂದು ಕೋಶದ ಮೈಮೇಲೆ ಇಂತಹ ಸಾವಿರಾರು ತಟ್ಟೆಗಳು. ಅವುಗಳಲ್ಲಿ ಬೆರಳೆಣಿಕೆಯಷ್ಟರಲ್ಲಿ ವೈರಸ್ಸಿನ ತುಣುಕಿದ್ದರೂ ಸಾಕು, ಸಮರ್ಥ ಟಿ-ಕೋಶ ಎಚ್ಚರಗೊಳ್ಳುತ್ತದೆ. ಇಷ್ಟು ಸೂಕ್ಷ್ಮವಾಗಿ ಗುರುತಿಸುವ ಕೈ ಬಲವಾಗಿ ಹಿಡಿಯಬಹುದೆಂದು ನಾವು ಊಹಿಸುತ್ತೇವೆ, ನಿಜಸಂಗತಿ ಹಾಗಿಲ್ಲ. ಟಿ-ಕೋಶದ ಹಿಡಿತ ಬಲು ಸಡಿಲ. ಮುಟ್ಟುತ್ತದೆ, ಬಿಡುತ್ತದೆ. ತನ್ನದಲ್ಲದ ಜೋಡಿಯಿಂದ ತಕ್ಷಣವೇ ಕೈ ಜಾರುತ್ತದೆ. ಸರಿಯಾದ ಜೋಡಿ ದೊರೆತಾಗ ಕೆಲವು ಕ್ಷಣ ಹೆಚ್ಚು ನಿಲ್ಲುತ್ತದೆ. ಆ ಕೆಲವು ಕ್ಷಣಗಳಲ್ಲಿಯೇ ಕೋಶದೊಳಗೆ ಒಂದರ ಮೇಲೊಂದು ಸಂಕೇತ ಏರಿ ತೀರ್ಮಾನವಾಗುತ್ತದೆ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ಉಳಿದ ಗೆರೆಯನ್ನು ನೋಡುವಂತೆ, ಇಲ್ಲಿಯೂ ಎಷ್ಟು ಹೊತ್ತು ಉಳಿಯಿತು ಎಂಬುದೇ ಪರೀಕ್ಷೆ.

ಕಾವಲುಗಾರನಿಗೂ ಕಡಿವಾಣ

ಗುರುತು ಹತ್ತಿದ ಮಾತ್ರಕ್ಕೆ ಟಿ-ಕೋಶ ಆಯುಧ ಎತ್ತುವುದಿಲ್ಲ. ಮೊದಲ ಬಾರಿ ಕೆಲಸಕ್ಕೆ ಇಳಿಯುವ ಕೋಶಕ್ಕೆ ಮತ್ತೊಂದು ಸಂಕೇತವೂ ಬೇಕು: "ಇಲ್ಲಿ ನಿಜವಾಗಿಯೂ ಅಪಾಯವಿದೆ" ಎಂಬ ಎರಡನೆಯ ಸಾಕ್ಷಿ. ಚರ್ಮ, ಶ್ವಾಸಕೋಶ ಮೊದಲಾದೆಡೆ ಗಸ್ತು ತಿರುಗುವ, ಕೊಂಬೆಗಳಂತೆ ಕೈ ಚಾಚಿರುವ ಒಂದು ಜಾತಿಯ ಕೋಶಗಳು ಅನ್ಯ ವಸ್ತುವನ್ನು ನುಂಗಿ, ದುಗ್ಧಗ್ರಂಥಿಗೆ ಹೊತ್ತು ತಂದು ಈ ಸಾಕ್ಷಿ ನುಡಿಯುತ್ತವೆ. ಗಂಟಲು ನೋವಿನಲ್ಲಿ ಕೊರಳಿನ ಗಂಟು ಊದುವುದು ಅಲ್ಲಿ ಈ ವಿಚಾರಣೆ ನಡೆದು ಕೋಶಗಳು ಬೆಳೆಯುತ್ತಿರುವುದರಿಂದ. ಎರಡನೆಯ ಸಾಕ್ಷಿ ದೊರೆಯದಿದ್ದರೆ ಟಿ-ಕೋಶ ನಿಷ್ಕ್ರಿಯವಾಗುತ್ತದೆ.

ಇಷ್ಟಾದರೂ ಥೈಮಸ್ಸಿನ ಕಣ್ಣು ತಪ್ಪಿಸಿ ಹೊರಬಿದ್ದ ಕೆಲವು ಕೋಶಗಳು ಸ್ವಂತ ದೇಹದ ಮೇಲೆಯೇ ತಿರುಗಿ ಬೀಳುವುದುಂಟು. ಚಿಕ್ಕ ಮಕ್ಕಳಲ್ಲಿ ಕಾಣುವ ಒಂದನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಹಾಳುಗೆಡಹುವವು ಮಗುವಿನದೇ ಟಿ-ಕೋಶಗಳು. ಇಂತಹವುಗಳನ್ನು ಹತೋಟಿಯಲ್ಲಿಡಲು ಮತ್ತೊಂದು ಬಗೆಯ ಟಿ-ಕೋಶಗಳಿವೆ ಎಂದು ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ತೋರಿಸಿದರು. ಅವುಗಳ ಹಿಂದಿರುವ ಜೀನನ್ನು ಅಮೆರಿಕದ ಮೇರಿ ಬ್ರಂಕೋವ್ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಕಂಡುಹಿಡಿದರು. ಈ ಮೂವರಿಗೂ 2025ರ ವೈದ್ಯವಿಜ್ಞಾನದ ನೊಬೆಲ್ ಪುರಸ್ಕಾರ ದೊರೆತಿದೆ. ಇದೇ ನಿಯಂತ್ರಕ ಕೋಶಗಳು ದೇಹದಲ್ಲಿ ಹೇಗೆ ಬದುಕುಳಿಯುತ್ತವೆ ಎಂಬುದನ್ನು ಬೆಂಗಳೂರಿನಲ್ಲಿ ಡಾ. ಅಪೂರ್ವಾ ಸರೀನ್ ಅವರ ತಂಡ ಅಧ್ಯಯನ ಮಾಡಿದೆ. ಎಲೆಕ್ಟ್ರಾನಿಕ್ ಸಿಟಿಯ ಬಯೋಕಾನ್ ಸಂಸ್ಥೆ 2013ರಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಬಿಡುಗಡೆ ಮಾಡಿದ ಇಟೊಲಿಜುಮಾಬ್ ಔಷಧಿಯೂ ಕೆರಳಿದ ಟಿ-ಕೋಶಗಳ ಮೈಮೇಲಿನ ಒಂದು ಅಣುವನ್ನು ಹಿಡಿದು ತಣಿಸುವಂತಹುದೇ.

ಕ್ಯಾನ್ಸರ್ ಏಕೆ ಕಣ್ಣು ತಪ್ಪಿಸುತ್ತದೆ?

ಈಗ ನಮ್ಮ ಓದುಗರ ಮೊದಲ ಪ್ರಶ್ನೆಗೆ ಉತ್ತರ ಹೇಳಬಹುದು. ಕ್ಯಾನ್ಸರಿನ ಕೋಶ ಹೊರಗಿನಿಂದ ಬಂದ ಕಳ್ಳನಲ್ಲ. ಮನೆಯಲ್ಲೇ ಹುಟ್ಟಿ ದಾರಿ ತಪ್ಪಿದವನು. ಅದರ ಕೊರಳಲ್ಲಿರುವ ಮುದ್ರೆ ನಮ್ಮದೇ. ತಟ್ಟೆಗಳಲ್ಲಿರುವ ತುಣುಕುಗಳಲ್ಲಿ ಬಹುಪಾಲು ನಮ್ಮವೇ. ಅಂತಹ ತುಣುಕುಗಳಿಗೆ ಕೆರಳುವ ಟಿ-ಕೋಶಗಳನ್ನು ಥೈಮಸ್ ಮೊದಲೇ ತೆಗೆದುಹಾಕಿರುತ್ತದೆ. ಜೀನುಗಳು ಕೆಟ್ಟಾಗ ಹೊಸ ಬಗೆಯ ತುಣುಕೊಂದು ಹೊರಬಿದ್ದು ಗುರುತು ಹತ್ತುವುದುಂಟು. ಹೀಗೆ ಎಷ್ಟೋ ಕೆಟ್ಟ ಕೋಶಗಳು ನಮಗೆ ತಿಳಿಯದಂತೆಯೇ ಅಳಿಯುತ್ತವೆ. ಆದರೆ ಕೆಲವು ಕೋಶಗಳು ತಟ್ಟೆಯನ್ನೇ ಒಳಕ್ಕೆಳೆದುಕೊಂಡು ಚೀಟಿಯಿಲ್ಲದೆ ಅಡಗುತ್ತವೆ. ಇನ್ನು ಕೆಲವು, ಟಿ-ಕೋಶದ ಮೈಮೇಲಿರುವ ತಡೆಗುಂಡಿಯನ್ನು ಒತ್ತಿ ಅದನ್ನು ಸುಮ್ಮನಾಗಿಸುತ್ತವೆ. ಈ ತಡೆಯನ್ನು ಬಿಡಿಸುವ ಉಪಾಯ ಕಂಡ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಸಂದಿತು. ಆದುದರಿಂದ ರೋಗಿ ಸರಿಯಾಗಿ ಉಣ್ಣಲಿಲ್ಲ, ದೇಹದಂಡನೆ ಮಾಡಲಿಲ್ಲ, ಅವನ ಶಕ್ತಿ ಸಾಲದೆ ಹೀಗಾಯಿತು ಎಂದು ಮನೆಗೆ ಬಂದವರು ಆಡುವ ಮಾತಿಗೆ ಅರ್ಥವಿಲ್ಲ. ತನ್ನವರನ್ನು ಕೊಲ್ಲಬಾರದೆಂಬ ನಿಯಮವನ್ನೇ ಈ ರೋಗ ತನ್ನ ಮರೆಯಾಗಿ ಬಳಸಿಕೊಳ್ಳುತ್ತದೆ.

ಬೊಮ್ಮಸಂದ್ರದಲ್ಲಿ ನಡೆದಿರುವ ಕೆಲಸ

ಎರಡನೆಯ ಪ್ರಶ್ನೆ: ತಿದ್ದಿದ ಕೋಶ ಗುರುತಿಸೀತೇ? ತಟ್ಟೆಯಲ್ಲಿಟ್ಟ ತುಣುಕನ್ನು ಮಾತ್ರ ನೋಡುವುದು ಟಿ-ಕೋಶದ ಸ್ವಭಾವ. ಪ್ರತಿಕಾಯವಾದರೋ ತಟ್ಟೆಯ ಹಂಗಿಲ್ಲದೆ ಮೈಮೇಲಿನ ಗುರುತನ್ನು ನೇರವಾಗಿ ಹಿಡಿಯುತ್ತದೆ. ಪ್ರತಿಕಾಯದ ಕೈಯನ್ನು ಟಿ-ಕೋಶದ ಮೈಗೆ ಜೋಡಿಸಿದರೆ ಹೇಗೆ ಎಂದು ಯೋಚಿಸಿ, 1980ರ ದಶಕದ ಕೊನೆಯಲ್ಲಿ ಮಾಡಿ ತೋರಿಸಿದವರಲ್ಲಿ ಇಸ್ರೇಲಿನ ಜೆಲಿಗ್ ಎಶ್ಹಾರ್ ಪ್ರಮುಖರು. ಹೀಗೆ ಹೊಸ ಕೈ ಪಡೆದ ಕೋಶಕ್ಕೆ ಕಾರ್-ಟಿ ಕೋಶ ಎಂದು ಹೆಸರು. ಬಹುಪಾಲು ಲಿಂಫೋಮಾಗಳಲ್ಲಿ ಮತ್ತು ಕೆಲವು ಬಗೆಯ ರಕ್ತಕ್ಯಾನ್ಸರುಗಳಲ್ಲಿ ಕೆಟ್ಟಿರುವುದು ಬಿ-ಕೋಶಗಳೆಂಬ ಮತ್ತೊಂದು ಜಾತಿಯ ಕಣಗಳು. ಅವುಗಳ ಮೈಮೇಲೆ ಸಿಡಿ-19 ಎಂಬ ಅಣು ಇರುತ್ತದೆ. ಹೊಸ ಕೈ ಹುಡುಕುವುದು ಅದನ್ನೇ, ಎಚ್.ಎಲ್.ಎ. ತಟ್ಟೆ ಅಡಗಿದ್ದರೂ ಚಿಂತೆಯಿಲ್ಲ.

2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಬಾಲಕಿಗೆ ಈ ಚಿಕಿತ್ಸೆ ನೀಡಲಾಯಿತು. ಬೇರೆಲ್ಲ ದಾರಿ ಮುಚ್ಚಿದ್ದ ಆ ಮಗು ರೋಗಮುಕ್ತಳಾಗಿ ಬೆಳೆದು ಕಾಲೇಜು ಸೇರಿದಳು. ನಮ್ಮ ದೇಶದಲ್ಲಿ ಮೊದಲು ಅನುಮತಿ ದೊರೆತದ್ದು 2023ರ ಅಕ್ಟೋಬರಿನಲ್ಲಿ, ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಸಹಯೋಗದಲ್ಲಿ ರೂಪುಗೊಂಡ ನೆಕ್ಸ್‌ಕಾರ್-19ಕ್ಕೆ. ಇನ್ನೊಂದು ಕೆಲಸ ನಡೆದಿರುವುದು ನಮ್ಮ ಬೆಂಗಳೂರಿನ ಹೊರವಲಯದಲ್ಲಿಯೇ. ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಹೊಸೂರು ರಸ್ತೆಯಲ್ಲಿ ಸಾಗಿದರೆ ಬೊಮ್ಮಸಂದ್ರ. ಅಲ್ಲಿನ ನಾರಾಯಣ ಆಸ್ಪತ್ರೆಯ ಆವರಣದಲ್ಲಿ ಇಮ್ಯುನೀಲ್ ಎಂಬ ಸಂಸ್ಥೆಯಿದೆ. ಬಯೋಕಾನಿನ ಕಿರಣ್ ಮಜುಂದಾರ್ ಷಾ, ಕ್ಯಾನ್ಸರಿನ ಚರಿತ್ರೆಯನ್ನು ಬರೆದು ಪ್ರಸಿದ್ಧರಾದ ವೈದ್ಯ ಸಿದ್ಧಾರ್ಥ ಮುಖರ್ಜಿ ಮೊದಲಾದವರು ಇದನ್ನು ಕಟ್ಟಿದರು. ಸ್ಪೇನಿನ ಬಾರ್ಸಿಲೋನಾ ನಗರದ ಆಸ್ಪತ್ರೆಯೊಂದರ ವಿಧಾನವನ್ನು ತಂದು, ಇಲ್ಲಿಯೇ ಕೋಶಗಳನ್ನು ತಯಾರಿಸಿ, ಇಲ್ಲಿನ ರೋಗಿಗಳಲ್ಲಿ ಪರೀಕ್ಷಿಸಿ, 2025ರ ಜನವರಿಯಲ್ಲಿ ಕ್ವಾರ್ಟೆಮಿ ಎಂಬ ಹೆಸರಿನಿಂದ ಬಿಡುಗಡೆ ಮಾಡಿದರು. ಮರುಕಳಿಸಿದ ಅಥವಾ ಔಷಧಿಗೆ ಬಗ್ಗದ ಬಿ-ಕೋಶದ ಲಿಂಫೋಮಾ ಇರುವ ವಯಸ್ಕರಿಗೆ ಇದು ಉದ್ದೇಶಿತ.

ವಿಧಾನ ಹೀಗಿದೆ. ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಬಿಳಿ ಕಣಗಳನ್ನು ಮಾತ್ರ ಬೇರ್ಪಡಿಸಿಕೊಂಡು ಉಳಿದ ರಕ್ತವನ್ನು ಮರಳಿಸುತ್ತಾರೆ. ರೋಗ ಹರಡುವ ಗುಣವನ್ನು ತೆಗೆದುಹಾಕಿದ ವೈರಸ್ಸಿನ ಮೂಲಕ ಹೊಸ ಕೈಯ ಜೀನನ್ನು ಟಿ-ಕೋಶಗಳಿಗೆ ಸೇರಿಸುತ್ತಾರೆ. ಅವನ್ನು ಬೆಳೆಸಿ, ಶುದ್ಧತೆ ಪರೀಕ್ಷಿಸಿ, ರೋಗಿಗೆ ಕೆಲವು ದಿನ ಔಷಧಿ ಕೊಟ್ಟು ಜಾಗ ತೆರವು ಮಾಡಿ, ಬಳಿಕ ರಕ್ತ ಏರಿಸುವಂತೆಯೇ ಏರಿಸುತ್ತಾರೆ. ಕೋಶಗಳು ರೋಗಿಯವೇ ಆದುದರಿಂದ ದಾನಿಯ ಹೊಂದಾಣಿಕೆಯ ಪ್ರಶ್ನೆ ಇಲ್ಲಿ ಏಳುವುದಿಲ್ಲ.

ಆದರೆ ಆಸೆಯ ಜೊತೆಗೆ ಎಚ್ಚರವೂ ಬೇಕು. ಒಮ್ಮೆಲೇ ಲಕ್ಷಾಂತರ ಕೋಶಗಳು ಕಾಳಗಕ್ಕಿಳಿದಾಗ ಅವು ಸ್ರವಿಸುವ ವಸ್ತುಗಳಿಂದ ತೀವ್ರ ಜ್ವರ, ರಕ್ತದೊತ್ತಡದ ಕುಸಿತ, ಕೆಲವರಲ್ಲಿ ಮನಸ್ಸಿನ ಗಲಿಬಿಲಿ ಉಂಟಾಗಬಹುದು. ಆರೋಗ್ಯವಂತ ಬಿ-ಕೋಶಗಳ ಮೇಲೂ ಸಿಡಿ-19 ಇರುವುದರಿಂದ ಅವೂ ಅಳಿದು, ಸೋಂಕಿನ ಭಯ ಬಹುದಿನ ಉಳಿಯುತ್ತದೆ. ಎಲ್ಲರಲ್ಲಿಯೂ ಫಲ ಕಾಣದು. ಫಲ ಕಂಡವರಲ್ಲಿಯೂ ರೋಗ ಮರಳುವುದುಂಟು. ಸ್ತನ, ಶ್ವಾಸಕೋಶ, ಜಠರ ಮೊದಲಾದ ಗಡ್ಡೆಗಳ ಕ್ಯಾನ್ಸರಿಗೆ ಈ ಚಿಕಿತ್ಸೆ ಅಲ್ಲ. ವೆಚ್ಚವೋ, ಪರದೇಶಕ್ಕಿಂತ ಬಹಳ ಕಡಿಮೆಯಾದರೂ ಹಲವು ಲಕ್ಷ ರೂಪಾಯಿಗಳಾಗುತ್ತವೆ. ಹೊಲ ಮಾರುವ ಮೊದಲು, ಈ ರೋಗಿಯ ಸ್ಥಿತಿಯಲ್ಲಿ ಫಲದ ಸಂಭವವೆಷ್ಟು, ಬೇರೆ ದಾರಿ ಯಾವುದು, ವಿಮೆಯೋ ಪ್ರಯೋಗ ಯೋಜನೆಯೋ ನೆರವಿಗೆ ಬಂದೀತೇ ಎಂಬುದನ್ನು ಕೇಳಿ, ಎರಡನೆಯ ತಜ್ಞರ ಅಭಿಪ್ರಾಯವನ್ನೂ ಪಡೆಯುವುದು ವಿವೇಕ. ಹಾಗೆ ಕೇಳುವುದು ವೈದ್ಯರಲ್ಲಿ ಅವಿಶ್ವಾಸವಲ್ಲ.

ಒಡಹುಟ್ಟಿದವರ ಹೊಂದಾಣಿಕೆ

ಇನ್ನು ದಾನಿಯಿಂದ ಆಕರ ಕೋಶಗಳ ಕಸಿ. ಇಲ್ಲಿ ಎಚ್.ಎಲ್.ಎ. ಮುದ್ರೆ ಹೊಂದಲೇಬೇಕು. ಏಕೆಂದರೆ ದಾನಿಯ ಟಿ-ಕೋಶಗಳು ರೋಗಿಯ ಇಡೀ ದೇಹವನ್ನೇ ಪರಕೀಯವೆಂದು ಭಾವಿಸಿ ದಾಳಿ ಮಾಡುವ ಅಪಾಯವಿದೆ. ಅದೇ ಟಿ-ಕೋಶಗಳು ಉಳಿದಿರುವ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುವುದೂ ಈ ಕಸಿಯ ಗುಣವೇ. ಮುದ್ರೆಯ ಜೀನುಗಳು ಆರನೆಯ ವರ್ಣತಂತುವಿನಲ್ಲಿ ಒಟ್ಟಾಗಿ ಕುಳಿತಿವೆ. ತಂದೆಯಿಂದ ಒಂದು ಗುಂಪು, ತಾಯಿಯಿಂದ ಒಂದು ಗುಂಪು. ಆದುದರಿಂದ ತಂದೆ ತಾಯಿ ಸಾಮಾನ್ಯವಾಗಿ ಅರ್ಧ ಮಾತ್ರ ಹೊಂದುತ್ತಾರೆ. ಒಡಹುಟ್ಟಿದ ಒಬ್ಬರು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಇಬ್ಬರಿದ್ದರೆ ಅವರಲ್ಲೊಬ್ಬರಾದರೂ ಹೊಂದುವ ಸಂಭವ ನೂರಕ್ಕೆ ಸುಮಾರು 44, ಮೂವರಿದ್ದರೆ 58. ಹಿಂದಿನಂತೆ ಏಳೆಂಟು ಮಕ್ಕಳ ಮನೆಗಳು ಇಂದು ಇಲ್ಲ. ಅರ್ಧ ಹೊಂದಾಣಿಕೆಯಲ್ಲಿಯೂ ಕಸಿ ಮಾಡುವ ವಿಧಾನಗಳು ಈಗ ಬಂದಿವೆ ಎಂಬುದು ಸಮಾಧಾನದ ಸಂಗತಿ. ಆದರೂ ಪೂರ್ಣ ಹೊಂದುವ ದಾನಿಯ ಬೆಲೆ ಕಡಿಮೆಯಾಗಿಲ್ಲ.

ಮನೆಯಲ್ಲಿ ದಾನಿ ದೊರೆಯದವರು ಹೊರಗೆ ಹುಡುಕಬೇಕು. ಜಗತ್ತಿನ ದಾನಿಗಳ ನೋಂದಣಿಗಳಲ್ಲಿ 4 ಕೋಟಿಗೂ ಹೆಚ್ಚು ಹೆಸರುಗಳಿವೆ. ಆದರೆ ಭಾರತೀಯರ ಪಾಲು ನಮ್ಮ ಜನಸಂಖ್ಯೆಗೆ ಹೋಲಿಸಿದರೆ ಬಹಳ ಅಲ್ಪ. ತಲೆಮಾರುಗಳಿಂದ ಒಂದು ವಲಯದೊಳಗೇ ಕೊಡುಕೊಳ್ಳುವಿಕೆ ನಡೆಸಿಕೊಂಡು ಬಂದ ಜನರಲ್ಲಿ ಒಂದೇ ಬಗೆಯ ಮುದ್ರೆಗಳು ಮತ್ತೆ ಮತ್ತೆ ಕಾಣುತ್ತವೆ. ಆದುದರಿಂದ ಬಾಗಲಕೋಟೆಯ ರೋಗಿಗೆ ಹೊಂದುವ ದಾನಿ ಜರ್ಮನಿಯಲ್ಲಿ ದೊರೆಯುವುದಕ್ಕಿಂತ ಧಾರವಾಡ, ದಾವಣಗೆರೆ, ತುಮಕೂರುಗಳಲ್ಲಿಯೋ ಇಲ್ಲವೇ ವೈಟ್‌ಫೀಲ್ಡಿನ ಕಚೇರಿಯೊಂದರಲ್ಲಿ ದುಡಿಯುತ್ತಿರುವ ಅದೇ ಸೀಮೆಯ ತರುಣನಲ್ಲಿಯೋ ದೊರೆಯುವ ಸಾಧ್ಯತೆ ಹೆಚ್ಚು. ಆದರೆ ಆ ತರುಣನ ಹೆಸರು ಪಟ್ಟಿಯಲ್ಲಿರಬೇಕು!

ನೋಂದಣಿಗೆ ಕೆನ್ನೆಯ ಒಳಬದಿಯನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕೊಟ್ಟರೆ ಸಾಕು. 18 ವರ್ಷ ತುಂಬಿದ ಆರೋಗ್ಯವಂತರು ಕೊಡಬಹುದು. ಹೊಂದಾಣಿಕೆ ಬಂದಾಗ ಬಹುಪಾಲು ದಾನಗಳು ಇಂದು ಮೂಳೆ ಕೊರೆಯದೆಯೇ ನಡೆಯುತ್ತವೆ. ಕೆಲವು ದಿನ ಚುಚ್ಚುಮದ್ದು ಪಡೆದು, ಕೆಲವು ಗಂಟೆಗಳ ಕಾಲ ತೋಳಿನ ರಕ್ತವನ್ನು ಯಂತ್ರದ ಮೂಲಕ ಹಾಯಿಸಿಕೊಂಡು ಮನೆಗೆ ಹೋಗಬಹುದು. ಕೊಟ್ಟ ಕೋಶಗಳನ್ನು ದೇಹ ಮತ್ತೆ ತುಂಬಿಕೊಳ್ಳುತ್ತದೆ. ಮದುವೆಗೆ ಬಂದ ಹೆಣ್ಣುಮಗಳು ಅಣ್ಣನಿಗಾಗಿ ಪರೀಕ್ಷೆಗೆ ಹೋದರೆ ಸಂಬಂಧ ತಪ್ಪೀತೆಂದು, ದಾನ ಮಾಡಿದರೆ ಮಕ್ಕಳಾಗವೆಂದು ಕೆಲವು ಮನೆಗಳಲ್ಲಿ ಹಿರಿಯರು ಹಿಂಜರಿಯುವುದನ್ನು ನಾವು ಕೇಳಿದ್ದೇವೆ. ಈ ಭಯಕ್ಕೆ ಆಧಾರವಿಲ್ಲ. ತಂಗಿಗೆ ಮನಸ್ಸಿದ್ದರೆ ಅಡ್ಡ ಬರಬಾರದು. ಮನಸ್ಸಿಲ್ಲದಿದ್ದರೆ ಬಲವಂತ ಮಾಡಲೂ ಬಾರದು.

ದಾಸೋಹವೆಂಬ ಮಾತು ನಮ್ಮ ಮನೆಗಳಲ್ಲಿ ಅನ್ನಕ್ಕೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಮಠಗಳ ಜಾತ್ರೆ, ಜಯಂತಿಗಳಲ್ಲಿ ರಕ್ತದಾನ ಶಿಬಿರಗಳು ನಡೆಯುತ್ತಿರುವುದನ್ನು ಎಲ್ಲರೂ ಬಲ್ಲರು. ಅದೇ ಮಂಟಪದಲ್ಲಿ ಆಕರ ಕೋಶ ದಾನಿಗಳ ನೋಂದಣಿಗೂ ಒಂದು ಮೇಜು ಹಾಕಿಸಿದರೆ ಖರ್ಚು ಹೆಚ್ಚಲಾರದು. ನೋಂದಣಿ ನಡೆಸುವ ಸಂಸ್ಥೆಗಳು ಬೆಂಗಳೂರಿನಲ್ಲಿಯೇ ಇವೆ, ಆಹ್ವಾನಿಸಿದರೆ ಬರುತ್ತಾರೆ. ಊರೂರಿನ ಯುವಕ ಸಂಘಗಳೂ ಅಕ್ಕನ ಬಳಗಗಳೂ ಮುಂದಿನ ಶಿಬಿರದ ಸಿದ್ಧತೆಯಲ್ಲಿ ಇದನ್ನು ಸೇರಿಸಿಕೊಳ್ಳಬೇಕೆಂದು ನಮ್ಮ ವಿನಂತಿ. ಟಿ-ಕೋಶದ ಕಣ್ಣಿಗೆ ದಾನಿಯ ಹೆಸರಾಗಲಿ, ಅಂತಸ್ತಾಗಲಿ ಕಾಣುವುದಿಲ್ಲ. ಅದು ನೋಡುವುದು ಮುದ್ರೆಯನ್ನು ಮಾತ್ರ. ಆ ಮುದ್ರೆ ಯಾವ ಮನೆಯಲ್ಲಿದೆ ಎಂಬುದು ಮನೆಯವರು ಮುಂದೆ ಬಂದ ಹೊರತು ಯಾರಿಗೂ ತಿಳಿಯದು.